ಒಂದು ಪದ, ಮೂರು ಜಾಗ: ಹೀಬ್ರೂ ‘ಹೇಮಾರ್’ ಕನ್ನಡಕ್ಕೆ ಬಂದ ಬಗೆ

ಹಿನ್ನೆಲೆ

ಉತ್ತರ ಕರ್ನಾಟಕದ ಒಂದು ಊರಿನಲ್ಲಿ ನಾವು ಐದು ಜನ ಕೂಡಿ ಬೈಬಲ್‌ನ ಮೊದಲ ಎರಡು ಪುಸ್ತಕಗಳನ್ನು ಸುಲಭ ಕನ್ನಡಕ್ಕೆ ತರುತ್ತಿದ್ದೇವೆ. ಓದಲು ಬಾರದವರಿಗೆ ಕೂತು ಓದಿ ಹೇಳುವುದಕ್ಕೆ ಅಂತಲೇ ಮಾಡುತ್ತಿರುವ ಪಠ್ಯ ಇದು. ಶನಿವಾರ ಸಂಜೆ ಸೇರುತ್ತೇವೆ. ಒಬ್ಬೊಬ್ಬರು ವಚನ ಓದುತ್ತಾರೆ, ಉಳಿದವರು ಕಣ್ಣು ಮುಚ್ಚಿ ಕೇಳುತ್ತಾರೆ. ಕಿವಿಗೆ ತಡೆದದ್ದನ್ನು ತಿದ್ದುತ್ತೇವೆ.

ಇಲ್ಲಿ ಯಾರ ಹೆಸರನ್ನೂ ಹೇಳುವುದಿಲ್ಲ, ಊರಿನದ್ದೂ ಬೇಡ. ಗುಂಪಿನಲ್ಲಿ ಒಬ್ಬರು ನಿವೃತ್ತ ಪಾಸ್ಟರ್. ನಾವೆಲ್ಲ ಅವರನ್ನು ಅಯ್ಯನವರು ಅನ್ನುತ್ತೇವೆ. ಇನ್ನೊಬ್ಬಳು ಹೀಬ್ರೂ ಕಲಿತ ಹುಡುಗಿ. ರಸ್ತೆ ಕೆಲಸ ಮಾಡಿಸಿ ನಿವೃತ್ತರಾದ ಇಂಜಿನಿಯರ್ ಒಬ್ಬರಿದ್ದಾರೆ. ಎಪ್ಪತ್ತು ದಾಟಿದ ಒಬ್ಬ ಅಜ್ಜಿ ಇದ್ದಾರೆ. ಅವರಿಗೆ ಅಕ್ಷರ ಅಷ್ಟಾಗಿ ಬರುವುದಿಲ್ಲ, ಆದರೆ ಬೈಬಲ್ ಕಥೆಗಳೆಲ್ಲ ಬಾಯಿಪಾಠ. ಬರೆದುಕೊಳ್ಳುವ ಕೆಲಸ ನನ್ನದು.

ನಮ್ಮನ್ನು ಸುಮಾರು ಎರಡು ತಿಂಗಳು ಕಾಡಿದ್ದು ಒಂದೇ ಪದ, ಹೇಮಾರ್. ಹೀಬ್ರೂ ಬೈಬಲ್‌ನಲ್ಲಿ ಅದು ಬರುವುದು ಮೂರೇ ಸಲ. ಬಾಬೆಲ್ ಗೋಪುರ ಕಟ್ಟುವಾಗ ಆದಿಕಾಂಡ 11:3ರಲ್ಲಿ ಒಮ್ಮೆ. ಸೊದೋಮ್ ಗೊಮೋರದ ಅರಸರು ಯುದ್ಧದಲ್ಲಿ ಸೋತು ಓಡುವಾಗ ಆದಿಕಾಂಡ 14:10ರಲ್ಲಿ ಇನ್ನೊಮ್ಮೆ. ಮೋಶೆಯ ತಾಯಿ ಮಗುವನ್ನು ನದಿಯಲ್ಲಿ ಬಿಡಲು ಬುಟ್ಟಿ ಸಿದ್ಧ ಮಾಡುವಾಗ ವಿಮೋಚನಕಾಂಡ 2:3ರಲ್ಲಿ ಮತ್ತೊಮ್ಮೆ. ನೆಲದಿಂದ ತಾನಾಗಿಯೇ ಒಸರುವ, ಕಪ್ಪಗೆ ಅಂಟುವ ವಸ್ತು ಅದು. ಇಂಜಿನಿಯರುಗಳು ಬಿಟುಮೆನ್ ಅನ್ನುವುದು ಇದನ್ನೇ.

ತೊಡಕು

ಮೊದಲ ತೊಡಕು ಅಕ್ಷರದ್ದು. ಹಳೆಯ ಹೀಬ್ರೂವಿನಲ್ಲಿ ಬರೆಯುತ್ತಿದ್ದುದು ಹೆಚ್ಚಾಗಿ ವ್ಯಂಜನಗಳನ್ನಷ್ಟೇ. ಸ್ವರದ ಗುರುತುಗಳನ್ನು ಯೆಹೂದಿ ಪಂಡಿತರು ಪಠ್ಯಕ್ಕೆ ಹಾಕಿದ್ದು ಎಷ್ಟೋ ಶತಮಾನ ಕಳೆದ ಮೇಲೆ. ನಮ್ಮಲ್ಲಿ ಕಾಗುಣಿತ ತೆಗೆದು ‘ಕ’, ‘ಲ’ ಎರಡನ್ನೇ ಬರೆದಿಟ್ಟರೆ ಅದು ಕಾಲು, ಕೋಲು, ಕಲ್ಲು, ಕೀಲು ಏನು ಬೇಕಾದರೂ ಆಗಬಹುದು, ಅಲ್ವಾ? ಹಾಗೇ ಹ-ಮ-ರ ಅನ್ನುವ ಮೂರು ಅಕ್ಷರಗಳಿಂದ ಹೇಮಾರ್ ಅಂದರೆ ಬಿಟುಮೆನ್, ಹೋಮೆರ್ ಅಂದರೆ ಜೇಡಿಮಣ್ಣು, ಹೆಮೆರ್ ಅಂದರೆ ದ್ರಾಕ್ಷಾರಸ, ಹಮೋರ್ ಅಂದರೆ ಕತ್ತೆ. ಹುಡುಗಿ ಮೊದಲ ವಾರವೇ ಈ ನಾಲ್ಕನ್ನೂ ಕಾಗದದ ಮೇಲೆ ಬರೆದು ತೋರಿಸಿದಳು. ಕತ್ತೆ, ದ್ರಾಕ್ಷಾರಸ ನಮಗೆ ತೊಂದರೆ ಕೊಡಲಿಲ್ಲ. ತೊಂದರೆ ಕೊಟ್ಟಿದ್ದು ಮಣ್ಣು. ಯಾಕೆಂದರೆ ಬಾಬೆಲ್ ವಚನದಲ್ಲಿ ಹೇಮಾರ್, ಹೋಮೆರ್ ಎರಡೂ ಒಂದೇ ಸಾಲಿನಲ್ಲಿವೆ.

ಆ ಸಾಲನ್ನು ಹೀಬ್ರೂವಿನಲ್ಲೇ ಒಮ್ಮೆ ಕೇಳಬೇಕು: ‘ವತ್ತೆಹೀ ಲಾಹೆಮ್ ಹಲ್ಲೆವೇನಾ ಲೆಆವೆನ್, ವೆಹಹೇಮಾರ್ ಹಾಯಾ ಲಾಹೆಮ್ ಲಹೋಮೆರ್.’ ಲೆವೇನಾ ಅಂದರೆ ಇಟ್ಟಿಗೆ, ಎವೆನ್ ಅಂದರೆ ಕಲ್ಲು. ಇಟ್ಟಿಗೆಯೇ ಅವರಿಗೆ ಕಲ್ಲಾಯಿತು, ಹೇಮಾರೇ ಅವರಿಗೆ ಹೋಮೆರ್ ಆಯಿತು. ಎರಡು ಜೋಡಿ, ಎರಡರಲ್ಲೂ ಸದ್ದು ಒಂದಕ್ಕೊಂದು ತಾಕುತ್ತದೆ. ಹುಡುಗಿ ಇದನ್ನು ಮೂರು ಸಲ ಓದಿದಳು. ಅರ್ಥ ಗೊತ್ತಿಲ್ಲದ ಅಜ್ಜಿಯೂ ಮೂರನೇ ಸಲಕ್ಕೆ ತಲೆ ಆಡಿಸಿದರು.

ಎರಡನೇ ತೊಡಕು ಕನ್ನಡದ್ದು. ನಮ್ಮ ಮುಂದೆ ನಾಲ್ಕು ಪದಗಳಿದ್ದವು: ಕಲ್ಲರಗು, ಜೇಡಿಮಣ್ಣು, ಬಿಟುಮೆನ್, ಡಾಂಬರು.

ಏನೇನು ಮಾಡಿ ನೋಡಿದೆವು

ಕಲ್ಲರಗು ಅಯ್ಯನವರ ಪದ. ಚಿಕ್ಕಂದಿನಿಂದ ಕೇಳಿ ಬಂದದ್ದು, ಅದನ್ನು ಬಿಡುವುದು ಅವರಿಗೆ ಸುಲಭವಿರಲಿಲ್ಲ. ನನಗೂ ಅದು ಚೆಂದದ ಪದ ಅನ್ನಿಸುತ್ತದೆ. ಕಲ್ಲಿನಿಂದ ಬರುವ ಅರಗು. ಸಂಸ್ಕೃತದ ಶಿಲಾಜತು ಕಟ್ಟಿರುವುದೂ ಹೀಗೇ. ಶಿಲೆ ಅಂದರೆ ಕಲ್ಲು, ಜತು ಅಂದರೆ ಅರಗು. ಅಂಗಡಿಯಲ್ಲಿ ಶಿಲಾಜಿತು ಅಂತ ಸಿಗುವ ಔಷಧಿಯ ಹೆಸರು ಅದೇ. ಆದರೆ ಓದಿಸಿ ನೋಡಿದಾಗ ಪದ ನಿಲ್ಲಲಿಲ್ಲ. ಒಂದು ಮನೆಯ ಕೂಟದಲ್ಲಿ ಹನ್ನೆರಡು ಜನಕ್ಕೆ ಓದಿದೆವು. ಓದಿ ಮುಗಿಸಿ ‘ಗೋಪುರ ಕಟ್ಟಲು ಏನು ಬಳಸಿದರು?’ ಅಂತ ಕೇಳಿದೆವು. ಇಬ್ಬರು ‘ಕಲ್ಲು ಕರಗಿಸಿ ಹಾಕಿದರು’ ಅಂದರು. ಒಬ್ಬರು ‘ಅರಗು ಅಂದರೆ ಪಾಂಡವರ ಅರಗಿನ ಮನೆ ಇದ್ದಂಗೆ, ಬೆಂಕಿ ತಗುಲಿದರೆ ಸುಡುತ್ತದೆ’ ಅಂದರು. ಬಾಬೆಲ್ ಗೋಪುರ ಮುಂದೆ ಸುಟ್ಟು ಹೋಗುತ್ತದೆ ಅಂತಲೇ ಅವರು ಕಥೆ ಕೇಳುತ್ತಿದ್ದರು. ಕಥೆಯಲ್ಲಿ ಹಾಗೇನೂ ಆಗುವುದಿಲ್ಲ. ಪದ ತಾನಾಗಿ ಇನ್ನೊಂದು ಕಥೆಯನ್ನು ಎಳೆದು ತಂದಿತ್ತು.

ಜೇಡಿಮಣ್ಣನ್ನು ಬಾಬೆಲ್ ವಚನದಲ್ಲಿ ಒಂದೇ ವಾರದಲ್ಲಿ ಬಿಟ್ಟೆವು. ‘ಮಣ್ಣಿನ ಬದಲಿಗೆ ಜೇಡಿಮಣ್ಣು ಬಳಸಿದರು’ ಅಂದರೆ ಆ ವಚನದಲ್ಲಿ ಹೇಳಿದ್ದಾದರೂ ಏನು? ಬಿಟುಮೆನ್ ಗೊತ್ತಿದ್ದದ್ದು ನಮ್ಮ ಇಂಜಿನಿಯರ್ ಒಬ್ಬರಿಗೇ.

ಉಳಿದದ್ದು ಡಾಂಬರು. ಅಯ್ಯನವರಿಗೆ ಅದು ಒಪ್ಪಿಗೆಯಾಗಲಿಲ್ಲ. ರಸ್ತೆಗೆ ಹಾಕುವ ಮಾಲು ಪವಿತ್ರ ಗ್ರಂಥದಲ್ಲಿ ಯಾಕೆ ಅನ್ನುವುದು ಅವರ ಮಾತು. ಇಂಜಿನಿಯರ್ ಆಗ ಹೇಳಿದ್ದು ನಮಗೆ ಗೊತ್ತಿರದ ವಿಷಯ. ಕಟ್ಟಿಗೆಯಿಂದಲೋ ಕಲ್ಲಿದ್ದಲಿನಿಂದಲೋ ಬಟ್ಟಿ ಇಳಿಸಿ ತೆಗೆಯುವ ಟಾರು ಬೇರೆ, ಬಿಟುಮೆನ್ ಬೇರೆ. ಇವತ್ತು ನಮ್ಮ ರಸ್ತೆಗೆ ಹಾಕುವ, ಜನ ಡಾಂಬರು ಅನ್ನುವ ಮಾಲು ಕಚ್ಚಾ ತೈಲದಿಂದ ಬರುವ ಬಿಟುಮೆನ್ನೇ. ‘ನೆಲದ ಎಣ್ಣೆಯ ಹಗುರ ಅಂಶ ಹೋಗಿ ಉಳಿದ ಗಟ್ಟಿ ಅದು. ರಿಫೈನರಿಯಲ್ಲಿ ನಾವು ತೆಗೆಯುತ್ತೇವೆ, ಅಲ್ಲಿ ನೆಲವೇ ತೆಗೆದು ಕೊಡುತ್ತಿತ್ತು’ ಅಂದರು. ಅಂದರೆ ಜನರ ಬಾಯಲ್ಲಿರುವ ಪದವೇ ವಸ್ತುವಿಗೆ ಎಲ್ಲಕ್ಕಿಂತ ಹತ್ತಿರದ್ದಾಗಿತ್ತು.

ಬಾಬೆಲ್ ವಚನಕ್ಕೆ ಡಾಂಬರು ಹಾಕಿ ಅದೇ ಕೂಟದಲ್ಲಿ ಓದಿದೆವು. ಈ ಸಲ ಅರ್ಥ ಕೇಳುವ ಅಗತ್ಯವೇ ಬರಲಿಲ್ಲ. ಗೌಂಡಿ ಕೆಲಸದ ಒಬ್ಬರು ತಾವಾಗಿ ಕೇಳಿದರು: ‘ಅಲ್ಲಿ ಕಲ್ಲು ಸಿಗತಿದ್ದಿಲ್ಲೇನ್ರಿ?’ ಆ ಪ್ರಶ್ನೆ ಬರಲಿ ಅಂತಲೇ ನಾವು ಕಾಯುತ್ತಿದ್ದೆವು. ಯಾಕೆಂದರೆ ವಚನ ಬರೆದವರು ಕಲ್ಲಿನ ನಾಡಿನವರು. ಅವರ ಮನೆಗಳು ಕಲ್ಲು ಮಣ್ಣಿನವು, ನಮ್ಮ ಹಳೇ ಮನೆಗಳ ಹಾಗೆ. ಗೋಪುರ ಕಟ್ಟಿದ ಶಿನಾರ್ ಅಂದರೆ ಇವತ್ತಿನ ಇರಾಕ್‌ನ ಬಯಲು. ಅಲ್ಲಿ ಕಟ್ಟಡಕ್ಕೆ ಕಲ್ಲಿಲ್ಲ, ಇರುವುದು ಹೂಳು ಮಣ್ಣು. ಅದನ್ನು ಸುಟ್ಟು ಇಟ್ಟಿಗೆ ಮಾಡಿದರು, ನೆಲದಿಂದ ಒಸರುವ ಡಾಂಬರಿನಿಂದ ಅಂಟಿಸಿದರು. ದೂರದ ಊರಿನಲ್ಲಿ ಹೀಗೆ ಕಟ್ಟುತ್ತಾರಂತೆ ಅಂತ ತಮ್ಮ ಜನಕ್ಕೆ ಹೇಳುವ ಧಾಟಿ ಆ ವಚನದ್ದು.

ಅದು ಬರೀ ಕಥೆಯ ಮಾತಲ್ಲ. ಅದೇ ಬಯಲಿನ ಊರ್ ಅನ್ನುವ ಹಳೇ ಪಟ್ಟಣದ ಜಿಗ್ಗುರಾಟ್‌ನ, ಅಂದರೆ ಮೆಟ್ಟಿಲು ಮೆಟ್ಟಿಲಾಗಿ ಏರುವ ಗುಡಿಗೋಪುರದ, ಒಳಗೆಲ್ಲ ಹಸಿ ಇಟ್ಟಿಗೆ, ಹೊರಮೈಗೆ ಸುಮಾರು ಎರಡೂವರೆ ಮೀಟರ್ ದಪ್ಪಕ್ಕೆ ಸುಟ್ಟ ಇಟ್ಟಿಗೆ, ಅದರ ಸಂದಿನಲ್ಲಿ ಬಿಟುಮೆನ್. ಅದನ್ನು ಕಟ್ಟಿಸಿ ನಾಲ್ಕು ಸಾವಿರ ವರ್ಷ ದಾಟಿದೆ. ಗ್ರೀಕ್ ಇತಿಹಾಸಕಾರ ಹೆರೊಡೊಟಸ್ ಬಾಬಿಲೋನಿನ ಕೋಟೆಯ ಬಗ್ಗೆ ಬರೆಯುತ್ತ, ಬಿಸಿ ಡಾಂಬರನ್ನೇ ಗಾರೆಯಾಗಿ ಹಾಕಿ, ಮೂವತ್ತು ವರಸೆಗೊಮ್ಮೆ ಜೊಂಡಿನ ಚಾಪೆ ಇಡುತ್ತಿದ್ದರು ಅನ್ನುತ್ತಾನೆ. ಆ ಡಾಂಬರು ಎಂಟು ದಿನದ ದಾರಿಯ ಈಸ್ ಅನ್ನುವ ಊರಿನಿಂದ ಬರುತ್ತಿತ್ತಂತೆ. ಯೂಫ್ರೆಟಿಸ್ ದಡದ ಇವತ್ತಿನ ಹೀತ್ ಅದು.

ಹೋಮೆರ್‌ಗೆ ‘ಗಚ್ಚು’ ಅಂತ ಹಾಕಿದ್ದೆವು. ಗೌಂಡಿಯ ಪ್ರಶ್ನೆಯಾದ ಮೇಲೆ ಅದನ್ನೂ ತೆಗೆದೆವು. ಗಚ್ಚು ಅಂದರೆ ಸುಣ್ಣದ್ದು. ಕಲ್ಲಿನ ಸಂದಿಗೆ ಮೆತ್ತುವ ಬರೀ ಮಣ್ಣಿಗೆ ಅದು ಸರಿಹೋಗುವುದಿಲ್ಲ. ‘ಕಲ್ಲಿನ ಬದಲು ಇಟ್ಟಿಗೆ, ಕಲಸಿದ ಮಣ್ಣಿನ ಬದಲು ಡಾಂಬರು’ ಅಂತಾಯಿತು.

ಕೈಕೊಟ್ಟ ಜಾಗ

ಒಂದು ಕಡೆ ಗೆದ್ದ ಪದವನ್ನು ಉಳಿದ ಎರಡು ಕಡೆಯೂ ಹಾಗೇ ಇಟ್ಟುಬಿಟ್ಟೆವು. ನಮ್ಮ ಆತುರ ಅದು.

ಆದಿಕಾಂಡ 14:10ರಲ್ಲಿ ಸಿದ್ದೀಮ್ ಕಣಿವೆಯ ವರ್ಣನೆ ಇದೆ. ಅಲ್ಲಿ ‘ಬೆಯೆರೋತ್ ಬೆಯೆರೋತ್ ಹೇಮಾರ್’ ಅನ್ನುತ್ತದೆ ಹೀಬ್ರೂ. ಬೆಯೆರೋತ್ ಅಂದರೆ ಬಾವಿಗಳು. ಪದವನ್ನು ಎರಡು ಸಲ ಹೇಳಿ, ಎಲ್ಲಿ ನೋಡಿದರೂ ಅದೇ ಅನ್ನುವ ಅರ್ಥ ತರುವುದು. ನಮ್ಮ ಕನ್ನಡಕ್ಕೂ ಅದೇ ಚಾಳಿ. ಹಾಗಾಗಿ ಬಲು ಸಂತೋಷದಿಂದ ‘ಡಾಂಬರಿನ ಗುಂಡಿಗಳೋ ಗುಂಡಿಗಳು’ ಅಂತ ಬರೆದೆ. ಓದಿದ ಕೂಡಲೇ ಕೂಟದಲ್ಲಿ ನಗು ಎದ್ದಿತು. ಡಾಂಬರು, ಗುಂಡಿ ಎರಡೂ ಜೊತೆಗೆ ಬಂದರೆ ನಮ್ಮವರಿಗೆ ಕಾಣುವುದು ಮಳೆಗಾಲ ಮುಗಿದ ಮೇಲಿನ ರಸ್ತೆ. ಜೀವ ಉಳಿಸಿಕೊಳ್ಳಲು ಓಡುತ್ತಿದ್ದ ಅರಸರು ಬಿದ್ದ ಜಾಗ ಅದು. ಅಲ್ಲಿ ನಗು ಬಂದರೆ ಅನುವಾದ ಕೆಟ್ಟಿದೆ ಅಂತಲೇ ಅರ್ಥ. ಆ ರಾತ್ರಿ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ.

ಮುಂದಿನ ಶನಿವಾರ ಮೋಶೆಯ ಬುಟ್ಟಿ. ಹೀಬ್ರೂವಿನಲ್ಲಿ ‘ವತ್ತಹ್ಮೆರಾ ವಹೇಮಾರ್ ಊವಜ್ಜಾಫೆತ್’. ಹೇಮಾರ್‌ನಿಂದಲೂ ಜೆಫೆತ್‌ನಿಂದಲೂ ಬಳಿದಳು ಅಂತ. ಬಳಿದಳು ಅನ್ನುವ ಕ್ರಿಯಾಪದವೂ ಅದೇ ಹ-ಮ-ರ ಅಕ್ಷರಗಳದ್ದು. ಜೆಫೆತ್‌ಗೆ ರಾಳ ಅಂತ ಹಾಕಿದ್ದೆವು. ‘ಡಾಂಬರನ್ನೂ ರಾಳವನ್ನೂ ಬಳಿದಳು’ ಅಂತ ನಾನು ಓದುತ್ತಿದ್ದ ಹಾಗೇ ಅಜ್ಜಿ ಕಣ್ಣು ಬಿಟ್ಟರು.

‘ಅಯ್ಯನವರ, ಕೂಸು ಮಲಗಿಸೋ ಬುಟ್ಟಿಗೆ ಯಾರರ ಡಾಂಬರ ಬಳೀತಾರೇನ್ರಿ? ಕೂಸಿನ ಮೈ ಸುಡಂಗಿಲ್ಲ? ಆ ವಾಸನಿಗೆ ಅದು ಉಸಿರಾಡೂದರ ಹೆಂಗ?’

ಯಾರಿಗೂ ಉತ್ತರ ಹೊಳೆಯಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಹುಡುಗಿ ಮೆಲ್ಲಗೆ ಹೇಳಿದಳು: ‘ಅಜ್ಜಿ, ನೀವು ಕೇಳಿದ್ದನ್ನ ಯೆಹೂದಿ ಗುರುಗಳೂ ಕೇಳ್ಯಾರ್ರಿ.’ ಯೆಹೂದಿ ಗುರುಗಳ ಚರ್ಚೆಗಳನ್ನು ಕೂಡಿಸಿಟ್ಟ ತಾಲ್ಮುದ್ ಗ್ರಂಥದಲ್ಲಿ ಸೋತಾ ಅನ್ನುವ ಭಾಗದಲ್ಲಿ ಈ ಬುಟ್ಟಿಯ ಮಾತು ಬರುತ್ತದೆ. ಹೇಮಾರ್ ಒಳಗೆ, ಜೆಫೆತ್ ಹೊರಗೆ, ಆ ನೀತಿವಂತ ಮಗುವಿಗೆ ಕೆಟ್ಟ ವಾಸನೆ ತಾಕದಿರಲಿ ಅಂತ. ಫ್ರಾನ್ಸ್‌ನ ತ್ರುವಾ ಊರಿನಲ್ಲಿ 11ನೇ ಶತಮಾನದಲ್ಲಿದ್ದ ವ್ಯಾಖ್ಯಾನಕಾರ ರಾಶಿ ಅದನ್ನೇ ಹೇಳುವಾಗ ಒಳಗೆ ಮಣ್ಣು ಅಂತ ಬಿಡಿಸಿಟ್ಟರು. ಇಲ್ಲಿ ಮಾತ್ರ ಜೇಡಿಮಣ್ಣು ಅನ್ನುವ ಅರ್ಥದ ಹಿಂದೆ ಒಂದು ತಾಯಿಯ ಪ್ರಶ್ನೆ ಇದೆ ಅಂತ ನನಗೆ ಅವತ್ತು ತಿಳಿಯಿತು. ಇನ್ನು ಅಲೆಕ್ಸಾಂಡ್ರಿಯದ ಗ್ರೀಕ್ ಅನುವಾದಕರು ಎರಡೂ ವಸ್ತುಗಳನ್ನು ಕೂಡಿಸಿ ಅಸ್ಫಾಲ್ತೊಪಿಸ್ಸಾ ಅನ್ನುವ ಒಂದೇ ಪದ ಇಟ್ಟರು. ಬೈಬಲನ್ನು ಲ್ಯಾಟಿನ್‌ಗೆ ತಂದ ಜೆರೋಮ್ ಎರಡನ್ನೂ ಬೇರೆ ಬೇರೆಯಾಗಿಯೇ ಉಳಿಸಿ, ಹೇಮಾರ್‌ಗೆ ಬಿಟುಮೆನ್ ಅಂತಲೇ ಬರೆದರು.

ತಿರುವು

ಇಂಜಿನಿಯರ್ ಮಾರನೇ ವಾರ ಹಾಳೆಯಲ್ಲಿ ಸುತ್ತಿ ಒಂದು ಡಾಂಬರಿನ ಗಟ್ಟಿ ತಂದರು. ಬೆಳಿಗ್ಗೆ ತಂಪಿನಲ್ಲಿ ಅದನ್ನು ಸುತ್ತಿಗೆಯಿಂದ ಹೊಡೆದಾಗ ಗಾಜಿನ ಹಾಗೆ ಒಡೆಯಿತು. ಒಡೆದ ಮೈ ಕನ್ನಡಿಯಂತೆ ಹೊಳೆಯುತ್ತಿತ್ತು. ಒಂದು ಚೂರನ್ನು ಅಂಗಳದ ಬಂಡೆಯ ಮೇಲೆ ಬಿಸಿಲಿಗೆ ಇಟ್ಟೆವು. ಊಟದ ಹೊತ್ತಿಗೆ ಅಂಚು ಕಳಕೊಂಡು, ಮಧ್ಯಾಹ್ನ ಮೂರಕ್ಕೆ ಬಂಡೆಗೆ ಅಂಟಿಕೊಂಡು ಹರಡಿತ್ತು.

ಆಮೇಲೆ ಒಂದು ಸಣ್ಣ ಬಿದಿರಿನ ಬುಟ್ಟಿಗೆ ಬಳಿದು ನೋಡೋಣ ಅಂದರು ಅಜ್ಜಿ. ಹಳೇ ಡಬ್ಬಿಯಲ್ಲಿ ಡಾಂಬರು ಕರಗಿಸಿ ಬಳಿದೆವು. ಮೊದಲ ಸಲ ಸೋತೆವು. ಬಿಸಿ ಡಾಂಬರು ಕಡ್ಡಿಯ ಮೇಲೆ ನಿಲ್ಲದೆ ಜಾರಿ ತಳಕ್ಕೆ ಇಳಿಯಿತು, ಮೇಲಿನ ಸಂದುಗಳು ಹಾಗೇ ಉಳಿದವು. ಅಜ್ಜಿ ನೋಡಿ, ‘ಬರೀ ನೀರಂಗ ಬಳದ್ರ ನಿಲ್ಲಂಗಿಲ್ಲ ತಂಗಿ. ನಾವು ಬುಟ್ಟಿಗೆ ಕಾಗದ ನೆನಿಸಿ, ಮೆಂತ್ಯ ಅರದು ಕೂಡಿಸಿ ಮೆತ್ತತೀವಲ್ಲ, ಹಂಗ ಏನರ ಕೂಡಿಸ್ರಿ’ ಅಂದರು. ಕಲ್ಲಿನ ಪುಡಿಯನ್ನೂ ಸಣ್ಣಗೆ ಹೆಚ್ಚಿದ ಹುಲ್ಲನ್ನೂ ಕಲಸಿದೆವು. ಈಗ ಅದು ಹಿಟ್ಟಿನಂತೆ ಕಡ್ಡಿಗೆ ಹಿಡಿದುಕೊಂಡಿತು. ಮೆಸಪೊಟೇಮಿಯದ, ಅಂದರೆ ಆ ಇರಾಕ್ ಬಯಲಿನ ಹಳೇ ಕಾಲದ ಜನ ಡಾಂಬರಿಗೆ ಖನಿಜದ ಪುಡಿ, ಹುಲ್ಲು ಕೂಡಿಸುತ್ತಿದ್ದರು ಅನ್ನುವುದು ಅಗೆತದಲ್ಲಿ ಸಿಕ್ಕ ತುಣುಕುಗಳಿಂದ ಗೊತ್ತಾಗಿರುವ ವಿಷಯ. ಹುಡುಗಿ ಅದನ್ನು ಓದಿದ್ದಳು, ಆದರೆ ಅಜ್ಜಿ ಹೇಳುವ ತನಕ ನಮಗ್ಯಾರಿಗೂ ನೆನಪಾಗಲಿಲ್ಲ.

ಎರಡು ದಿನ ನೆರಳಿನಲ್ಲಿ ಇಟ್ಟೆವು. ಮೂರನೇ ದಿನ ಅಜ್ಜಿ ಬುಟ್ಟಿಯೊಳಗೆ ಅಂಗೈ ಒತ್ತಿ ನೋಡಿದರು, ಅಂಟಲಿಲ್ಲ. ಮುಖ ಒಳಗಿಟ್ಟು ಮೂಸಿದರು. ‘ಅಷ್ಟೇನ ಇಲ್ಲ ಬಿಡ್ರಿ. ಮ್ಯಾಲ ಅರಿವಿ ಹಾಸಿದ್ರ ಕೂಸು ಮಲಗತದ’ ಅಂದರು. ನೀರು ತುಂಬಿದ ಬಾನಿಯಲ್ಲಿ ತೇಲಿಬಿಟ್ಟೆವು. ಸಂಜೆಯ ತನಕ ಒಳಗೆ ಒಂದು ಹನಿ ಬರಲಿಲ್ಲ. ನಾವು ಬಳಸಿದ್ದು ರಿಫೈನರಿಯ ಮಾಲು, ಅವರದ್ದು ನೆಲದ ಮಾಲು, ಹಾಗಾಗಿ ಎರಡರ ವಾಸನೆಯೂ ಒಂದೇ ಅನ್ನಲಾರೆ. ಆದರೆ ಬಳಿಯುವುದು, ಆರುವುದು, ನೀರು ತಡೆಯುವುದು ಕಣ್ಣಿಗೆ ಕಂಡಿತು. ಆ ಬಾನಿಯ ಪಕ್ಕದಲ್ಲೇ ಅಯ್ಯನವರು ‘ಡಾಂಬರೇ ಇರಲಿ’ ಅಂದರು.

ಏನಾಯಿತು

ಮೂರೂ ಕಡೆ ಡಾಂಬರು ಅನ್ನುವ ಪದ ನಿಂತಿತು, ಆದರೆ ಒಂದೊಂದು ಕಡೆ ಒಂದೊಂದು ಊರುಗೋಲಿನ ಮೇಲೆ. ಬಾಬೆಲ್‌ನಲ್ಲಿ ಪದ ಒಂದೇ ಸಾಕಾಯಿತು. ಸಿದ್ದೀಮ್ ಕಣಿವೆಗೆ ‘ನೆಲದೊಳಗಿಂದ ಡಾಂಬರು ಉಕ್ಕುವ ಬಾವಿಗಳು, ಎಲ್ಲಿ ನೋಡಿದರೂ ಬಾವಿಗಳೇ’ ಅಂತ ಮಾಡಿದೆವು. ಗುಂಡಿ ಹೋಗಿ ಬಾವಿ ಬಂದದ್ದಕ್ಕೆ, ಉಕ್ಕುವ ಅನ್ನುವ ಒಂದು ಪದ ಸೇರಿದ್ದಕ್ಕೆ ರಸ್ತೆ ಮರೆಯಾಗಿ ಕಣಿವೆ ಕಂಡಿತು. ಬೈಬಲ್ ಆ ಕಣಿವೆಯನ್ನು ಉಪ್ಪಿನ ಸಮುದ್ರ ಅಂತಲೇ ಗುರುತಿಸುತ್ತದೆ, ಅಂದರೆ ಮೃತ ಸಮುದ್ರ. ರೋಮನ್ನರ ಕಾಲದ ಯೆಹೂದಿ ಇತಿಹಾಸಕಾರ ಜೋಸೆಫಸ್ ಅದನ್ನು ಅಸ್ಫಾಲ್ಟಿಟಿಸ್, ಅಂದರೆ ಡಾಂಬರಿನ ಸರೋವರ, ಅಂತ ಕರೆದು, ತಲೆಯಿಲ್ಲದ ಹೋರಿಯಷ್ಟು ದೊಡ್ಡ ಕಪ್ಪು ಗಟ್ಟಿಗಳು ಅಲ್ಲಿ ತೇಲುತ್ತವೆ, ಜನ ದೋಣಿಗೆ ಎಳೆದುಕೊಳ್ಳುತ್ತಾರೆ ಅಂತ ಬರೆದಿದ್ದಾನೆ. ಓದುವವರು ಕೇಳುಗರಿಗೆ ಇದನ್ನು ಹೇಳಲಿ ಅಂತ ಅಡಿಟಿಪ್ಪಣಿಯಲ್ಲಿ ಸೇರಿಸಿದೆವು. ಮೋಶೆಯ ಬುಟ್ಟಿಗೆ ‘ಬಳಿದಳು’ ತೆಗೆದು ‘ಸಂದು ಬಿಡದ ಹಾಗೆ ಡಾಂಬರನ್ನೂ ರಾಳವನ್ನೂ ಮೆತ್ತಿ, ಆರಿಸಿ’ ಅಂತ ಹಾಕಿದೆವು. ‘ಆರಿಸಿ’ ಅನ್ನುವುದು ಹೀಬ್ರೂವಿನಲ್ಲಿ ಇಲ್ಲ. ಅದರ ಬಗ್ಗೆ ಒಂದು ಗಂಟೆ ವಾದವಾಯಿತು. ಕೊನೆಗೆ ಅದನ್ನು ತೆಗೆದೆವು. ಮೆತ್ತಿ ಅನ್ನುವುದರಲ್ಲೇ ಬುಟ್ಟಿ ಮೆತ್ತಿದ ಕೈಗಳಿಗೆ ಆರಿಸುವುದೂ ಗೊತ್ತು ಅಂತ ಅಜ್ಜಿಯೇ ಹೇಳಿದರು.

ಕಳಕೊಂಡದ್ದೂ ಇದೆ. ಹೇಮಾರ್, ಹೋಮೆರ್ ಅನ್ನುವ ಸದ್ದಿನ ಜೋಡಿ ಕನ್ನಡದಲ್ಲಿ ಹೋಯಿತು. ಅಯ್ಯನವರು ಒಂದು ದಿನ ‘ಕಲ್ಲಿನ ಬದಲು ಇಟ್ಟಿಗೆ, ಕಲಸಿದ ಮಣ್ಣಿನ ಬದಲು ಕಲ್ಲರಗು’ ಅಂತ ಓದಿ ತೋರಿಸಿದರು. ಕಲ್ಲು, ಕಲಸಿದ, ಕಲ್ಲರಗು. ಸದ್ದು ಹೀಬ್ರೂವಿನ ಹಾಗೇ ತಾಕುತ್ತಿತ್ತು. ನನ್ನ ಮನಸ್ಸು ಈಗಲೂ ಆ ಸಾಲಿನ ಕಡೆ ಎಳೆಯುತ್ತದೆ. ಆದರೂ ಅರ್ಥವಾಗದ ಇಂಪಿಗಿಂತ ಅರ್ಥವಾಗುವ ಮಾತು ನಮ್ಮ ಕೇಳುಗರಿಗೆ ಬೇಕಿತ್ತು. ಓದಲು ಬಲ್ಲವರಿಗೆ ಅಂತ ಆ ಸಾಲನ್ನು ಅಂಚಿನಲ್ಲಿ ಸಣ್ಣ ಅಕ್ಷರದಲ್ಲಿ ಇಟ್ಟಿದ್ದೇವೆ.

ಬೇರೆ ಗುಂಪಿನವರು ಇಂಥ ಪದಕ್ಕೆ ಸಿಕ್ಕಿಕೊಂಡರೆ ಎರಡು ಮಾತು ಹೇಳುತ್ತೇನೆ. ಒಂದು ವಚನದಲ್ಲಿ ಪದ ಗೆದ್ದ ಕೂಡಲೇ ಎಲ್ಲ ಕಡೆ ಬದಲಾಯಿಸಬೇಡಿ. ಪ್ರತಿ ವಚನವನ್ನೂ ಬೇರೆಯಾಗಿ ಓದಿಸಿ ಕೇಳಿ. ನಾವು ಹಾಗೆ ಮಾಡಿದ್ದರೆ ಒಂದು ತಿಂಗಳು ಉಳಿಯುತ್ತಿತ್ತು. ಇನ್ನೊಂದು, ಇವತ್ತು ಸರಿ ಇರುವ ಪದ ನಾಳೆಯೂ ಸರಿ ಇರುತ್ತದೆ ಅಂತ ನಂಬಬೇಡಿ. 1611ರ ಇಂಗ್ಲಿಷ್ ಬೈಬಲ್‌ನಲ್ಲಿ ಈ ಮೂರೂ ಕಡೆ ಹೇಮಾರ್‌ಗೆ ಸ್ಲೈಮ್ ಅಂತಿದೆ. ಆಗಿನವರಿಗೆ ಅದು ನೆಲದ ಅಂಟು ಅಂತ ತಿಳಿಯುತ್ತಿತ್ತು. ಈಗಿನ ಮಕ್ಕಳಿಗೆ ಸ್ಲೈಮ್ ಅಂದರೆ ಡಬ್ಬಿಯಲ್ಲಿ ಸಿಗುವ ಲೋಳೆಯಂಥ ಆಟಿಕೆ. ಡಾಂಬರಿಗೂ ಅಂಥ ದಿನ ಬರಬಹುದು. ಅದಕ್ಕೇ ನಮ್ಮ ಪಠ್ಯದ ಕೊನೆಯಲ್ಲಿ, ಯಾವ ವರ್ಷ ಯಾರ ಮುಂದೆ ಓದಿಸಿ ಈ ಪದ ಆರಿಸಿದೆವು ಅಂತ ಬರೆದಿಟ್ಟಿದ್ದೇವೆ.

ನೋಹನ ಪೆಟ್ಟಿಗೆ ಮಾತ್ರ ಇನ್ನೂ ಮುಗಿದಿಲ್ಲ. ಆದಿಕಾಂಡ 6:14ರಲ್ಲಿ ಒಳಗೂ ಹೊರಗೂ ಬಳಿಯಲು ಹೇಳಿರುವುದು ಹೇಮಾರ್ ಅಲ್ಲ, ಕೋಫೆರ್. ಮೆಸಪೊಟೇಮಿಯದ ಹಳೇ ಭಾಷೆ ಅಕ್ಕಾಡಿಯನ್‌ನ ಕುಪ್ರು ಅದರ ದಾಯಾದಿ. ಆ ಭಾಷೆಯ ಗಿಲ್ಗಮೆಶ್ ಅನ್ನುವ ವೀರನ ಕಥೆಯಲ್ಲಿ ಬರುವ ಪ್ರಳಯದ ದೋಣಿಗೂ ಹಾಕಿದ್ದು ಕುಪ್ರುವನ್ನೇ, ಅದೂ ಬಿಟುಮೆನ್ನೇ. ಹಾಗಾದರೆ ಅಲ್ಲೂ ಡಾಂಬರು ಅನ್ನಬೇಕೋ, ಹೀಬ್ರೂ ಬೇರೆ ಪದ ಇಟ್ಟಿದೆಯೆಂದು ನಾವೂ ಬೇರೆ ಪದ ಹುಡುಕಬೇಕೋ? ಹುಡುಗಿ ಆ ವಚನದ ಪಕ್ಕದಲ್ಲಿ ಪೆನ್ಸಿಲ್‌ನಿಂದ ಗೆರೆ ಎಳೆದಿಟ್ಟಿದ್ದಾಳೆ. ಡಾಂಬರು ಮೆತ್ತಿದ ಬುಟ್ಟಿಯನ್ನು ಅಜ್ಜಿ ಎಸೆಯಗೊಡಲಿಲ್ಲ. ಈ ಶನಿವಾರಕ್ಕೂ ಬೇಕಾಗುತ್ತದೆ ಅಂತ ಬಾನಿಯ ಪಕ್ಕದಲ್ಲೇ ಬೋರಲು ಹಾಕಿಟ್ಟಿದ್ದಾರೆ.